ಕೌದಿಯಲ್ಲಿ ಸುತ್ತಿಟ್ಟ ಕಂಪ್ಯೂಟರ್

ಈ ಕಥೆಯನ್ನು ನಮಗೆ ಮೊದಲು ಹೇಳಿದವರು ಭಾಲ್ಕಿಯ ಕೇಶರಬಾಯಿ. 2018ರ ದೀಪಾವಳಿ ಕಳೆದ ಎಂಟನೆಯ ದಿನ, ಸಂಜೆ, ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಹೇಳಿದರು. ಆ ವರ್ಷವೂ ಮಳೆ ಕೈಕೊಟ್ಟಿತ್ತು. ತೊಗರಿ ಮೊಣಕಾಲೆತ್ತರ ಬೆಳೆದು ಅಲ್ಲಿಯೇ ಒಣಗಿ ನಿಂತಿತ್ತು. ಮರುದಿನ ಮುಂಜಾನೆ ನಮ್ಮ ಓಣಿಯ ಹನ್ನೊಂದು ಮನೆಯವರು ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೊರಡುವವರಿದ್ದರು. ಗಂಟುಮೂಟೆ ಕಟ್ಟಿ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಕೂತರು. ನಾನೂ ಕೂತೆ.

ಕೇಶರಬಾಯಿಗೆ ಓದಲು ಬರುವುದಿಲ್ಲ. ಆದರೆ ಅವರ ತೊಡೆಯ ಮೇಲೆ ಒಂದು ಖಾಕಿ ಚೀಲವಿತ್ತು. ಗಂಡ ಕಾಶೀರಾಮ ಅಂಚೆ ಕಚೇರಿಯಲ್ಲಿದ್ದಾಗಿನದು. ಓದಿಸಿ ಕೇಳಿ ಕೇಳಿ ಅದರಲ್ಲಿದ್ದ ಪತ್ರಗಳು ಅವರಿಗೆ ಬಾಯಿಪಾಠ. ಕೆಲವು ಪತ್ರಗಳು ಗಂಡನಿಗೆ ಬಂದವು. ಉಳಿದವು ಬೀದರಿನಲ್ಲಿ ಓದುತ್ತಿದ್ದ ಅಲಕಾ ಎಂಬ ಹುಡುಗಿಗೆ ಗಂಡ ಬರೆದವು, ಒಂದು ಕೇಶರಬಾಯಿಯೇ ಬರೆಸಿದ್ದು. ಕಾಶೀರಾಮ ತೀರಿಕೊಂಡ ಮೇಲೆ ಅವನ್ನು ಅವಳೇ ತಂದುಕೊಟ್ಟಿದ್ದಳು. ಕೇಶರಬಾಯಿ ಒಂದೊಂದು ಕಾಗದ ತೆಗೆದು, ಹಿಂದುಮುಂದು ತಿರುಗಿಸಿ ನೋಡಿ, ಹೇಳುತ್ತ ಹೋದರು. ಆಮೇಲೆ ನಾನು ಕಾಗದಗಳನ್ನು ಓದಿ ನೋಡಿದೆ. ಒಂದು ಮಾತೂ ಹೆಚ್ಚುಕಡಿಮೆ ಇರಲಿಲ್ಲ. ಇಲ್ಲಿ ಕೊಟ್ಟಿರುವುದು ಕಾಗದದಲ್ಲಿದ್ದಂತೆಯೇ.

*

ಪಟಾಂಚೇರು,
11 ಜನವರಿ 2016

ತೀರ್ಥರೂಪ ಸಮಾನರಾದ ಕಾಶೀರಾಮ ಕಾಕಾ ಅವರಿಗೆ ಅಲಕಾಳ ಸವಿನಯ ಜೈ ಭೀಮ.

ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಅಪ್ಪನ ಕಾಲಿನ ಎಲುಬು ಎರಡು ಕಡೆ ಮುರಿದಿದೆ. ಕೆಲಸ ನಡೆದಿದ್ದ ಕಟ್ಟಡದ ಮೂರನೆಯ ಮಾಳಿಗೆಯಿಂದ ಬಿದ್ದವರು ಉಳಿದದ್ದೇ ದೊಡ್ಡದು ಎಂದು ಡಾಕ್ಟರರು ಹೇಳುತ್ತಾರೆ. ಅವ್ವ ಇಟ್ಟಿಗೆ ಹೊರುವುದನ್ನು ಬಿಟ್ಟರೆ ಇರುವ ಖೋಲಿಯನ್ನೂ ಬಿಡಬೇಕಾಗುತ್ತದೆ. ಹೀಗಾಗಿ ಆಸ್ಪತ್ರೆಯಲ್ಲಿ ನಾನೇ ಇದ್ದೇನೆ. ಬೇಸಿಗೆಯವರೆಗೂ ಬೀದರಿಗೆ ಮರಳಿ ಬರಲಾಗಲಿಕ್ಕಿಲ್ಲ. ಅಲ್ಲಿ ಚಿದ್ರಿಯಲ್ಲಿ ಹಿಡಿದಿದ್ದ ಖೋಲಿಯನ್ನು ಬಿಟ್ಟುಕೊಟ್ಟೆ. ಕಾಲೇಜಿನವರು ರಜೆ ಕೊಟ್ಟಿದ್ದಾರೆ.

ನನ್ನ ಕಂಪ್ಯೂಟರನ್ನು ನಿಮ್ಮಲ್ಲಿ ತಂದಿಟ್ಟ ದಿನ ಅವಸರದಲ್ಲಿದ್ದೆ, ಸರಿಯಾಗಿ ಹೇಳಲಾಗಲಿಲ್ಲ. ಅದರಲ್ಲಿ ಇರುವುದು ನನ್ನ ಎಂ.ಎಸ್.ಡಬ್ಲ್ಯೂ. ಓದಿನ ಬರಹ ಮಾತ್ರ ಅಲ್ಲ. ಠಾಣಾ ಕುಶನೂರ ಸುತ್ತಿನ ನಾಲ್ಕು ಊರುಗಳಿಂದ ಈ ಬರಗಾಲಕ್ಕೆ ಗುಳೆ ಹೋದ ಇನ್ನೂರ ಹದಿನಾಲ್ಕು ಮನೆಗಳ ಪಟ್ಟಿ ಅದರಲ್ಲಿದೆ. ಯಾರು ಹೋದರು, ಯಾವ ಮುಕಾದಮ ಮುಂಗಡ ಕೊಟ್ಟು ಕರೆದೊಯ್ದ, ಯಾವ ಊರಿನ ಯಾವ ಭಟ್ಟಿ, ಮಾಲಕನ ಫೋನ್ ನಂಬರ್, ಹೋದವರ ಫೋಟೋ. ಲಾರಿ ಹತ್ತುವ ಮುನ್ನ ಒಬ್ಬೊಬ್ಬರನ್ನೂ ಕೇಳಿ ಬರೆದದ್ದು. "ಏನರೆ ಆದ್ರ ನಾ ಹುಡುಕಿಸ್ತೇನಿ" ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ಇದರ ನಕಲು ಒಂದು ಪೆನ್ ಡ್ರೈವಿನಲ್ಲಿದೆ. ಕಳೆದೀತೆಂದು ಅದನ್ನು ಕಂಪ್ಯೂಟರಿನ ಹಿಂಬದಿಗೇ ಚುಚ್ಚಿಟ್ಟಿದ್ದೇನೆ.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ಪ್ರತಿ ಐತವಾರ ಅದನ್ನು ಹಚ್ಚಿಸಿ. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಭಾಲಚಂದ್ರ ಅಣ್ಣನಿಗೆ ಹೇಳಿದರೆ ಇಂಟರ್‌ನೆಟ್ಟಿನ ಡಾಂಗಲ್ ತಂದು ಜೋಡಿಸುತ್ತಾನೆ. ಅಪ್ಡೇಟ್ ಬೇಕೇ ಎಂದು ಅದು ಕೇಳುತ್ತದೆ. ಹೂಂ ಅನ್ನಬೇಕು. ಅಷ್ಟೇ. ಕಾಕೂ ಕೌದಿ ಹರಿದಲ್ಲಿ ತೇಪೆ ಹಾಕುತ್ತಾರಲ್ಲ, ಹಾಗೆಯೇ ಇದು. ಮಾಡಿದವರಿಗೆ ಎಲ್ಲಿ ಹರಿದಿದೆ ಎಂದು ಗೊತ್ತಾದಾಗಲೆಲ್ಲ ತೇಪೆ ಕಳಿಸುತ್ತಾರೆ. ಹಾಕಿಕೊಳ್ಳದಿದ್ದರೆ ಆ ಹರಕಿನಿಂದ ಕಳ್ಳರು ಒಳಗೆ ಬರುತ್ತಾರೆ.

ಕಾಕೂ ಅವರಿಗೆ ಜೈ ಭೀಮ ತಿಳಿಸಿರಿ.

ನಿಮ್ಮ ಮಗಳಂತಿರುವ,
ಅಲಕಾ

*

ಭಾಲ್ಕಿ,
20 ಜನವರಿ 2016

ಚಿ. ಅಲಕಾಳಿಗೆ ಕಾಶೀರಾಮನ ಆಶೀರ್ವಾದ, ಜೈ ಭೀಮ.

ನಿನ್ನ ಪತ್ರ ಒಂಬತ್ತು ದಿನಕ್ಕೆ ಬಂದಿತು. ನಮ್ಮ ಕಾಲದಲ್ಲಾಗಿದ್ದರೆ ಪಟಾಂಚೇರುವಿನಿಂದ ಮೂರು ದಿನ. ನಿನ್ನ ಅಪ್ಪನಿಗೆ ಧೈರ್ಯ ಹೇಳು.

ನೀನು ನಂಬಿ ಇಟ್ಟುಹೋದ ಅಮಾನತಿನ ಬಗ್ಗೆ ಚಿಂತೆ ಬಿಡು. ಮುಂದಿನ ಖೋಲಿಯಲ್ಲಿ ಮಂಚದ ಮೇಲೆ ಇರಿಸಿದ್ದೇನೆ. ನಿನ್ನ ಕಾಕೂ ಮದುವೆಯಲ್ಲಿ ತಂದ ಕೌದಿ ಸುತ್ತಿ, ಸುತಳಿಯಿಂದ ನಾಲ್ಕು ಕಡೆ ಗಂಟು ಹಾಕಿ, ಗಂಟಿನ ಮೇಲೆ ಅರಗು ಕಾಸಿ ಮುದ್ರೆ ಒತ್ತಿದ್ದೇನೆ. ನಿವೃತ್ತಿಯಾಗುವಾಗ ಹಳೆಯ ಹಿತ್ತಾಳೆ ಮುದ್ರೆಯೊಂದನ್ನು ನೆನಪಿಗೆಂದು ಕೊಟ್ಟಿದ್ದರು. ಹನ್ನೊಂದು ವರ್ಷದ ಮೇಲೆ ಅದಕ್ಕೆ ಕೆಲಸ ಬಂತು. "ಬಾಣಂತೀನ ಕುಂದ್ರಿಸಿದಂಗ ಕುಂದ್ರಿಸ್ಯಾರ, ಇನ್ನ ಅಂಟಿನುಂಡಿ ಒಂದ ಬಾಕಿ" ಎಂದು ನಿನ್ನ ಕಾಕೂ ಓಣಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಮೊನ್ನೆ ಠಾಣಾ ಕುಶನೂರಿನ ಕೌಸಲ್ಯಾಬಾಯಿ ಬಂದಿದ್ದಳು. ಅವಳ ಮಗಳು ಸುಂದರಬಾಯಿ, ಅಳಿಯ ನರಸಿಂಗ, ಅವರ ಕೂಸು, ಮೂವರ ಹೆಸರೂ ನಿನ್ನ ಪಟ್ಟಿಯಲ್ಲಿವೆಯಂತೆ. ಭದ್ರ ಇದೆಯೇ ಎಂದು ಕೇಳಿದಳು. ಗಂಟು ತೋರಿಸಿದೆ. ಮುಟ್ಟಿ ನೋಡಿ, ಸಮಾಧಾನದಿಂದ ಹೋದಳು.

ಇಲ್ಲಿ ಟ್ಯಾಂಕರು ಆರು ದಿನಕ್ಕೊಮ್ಮೆ ಬರುತ್ತಿದೆ.

ಇಂತು,
ಕಾಶೀರಾಮ

*

ಪಟಾಂಚೇರು,
9 ಫೆಬ್ರುವರಿ 2016

ಕಾಕಾ ಅವರಿಗೆ ಜೈ ಭೀಮ.

ಅಪ್ಪನ ಕಾಲಿಗೆ ಹಾಕಿದ ಸಲಾಕೆಯ ಸುತ್ತ ಕೀವು ಕಟ್ಟಿದೆ. ಇನ್ನೊಮ್ಮೆ ಕೊಯ್ಯಬೇಕಂತೆ.

ಗಂಟು, ಮುದ್ರೆ ಓದಿ ಅಪ್ಪ ಬಹಳ ದಿನದ ಮೇಲೆ ನಕ್ಕರು. ಆದರೆ ಐತವಾರದ ಮಾತು ನಿಮ್ಮ ಪತ್ರದಲ್ಲಿ ಇರಲಿಲ್ಲ. ಹಚ್ಚಿಸಿದಿರಾ? ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಚಿದ್ರಿಯಲ್ಲಿದ್ದಾಗ, ನವೆಂಬರ್ ಡಿಸೆಂಬರಿನಲ್ಲಿ, ಅದು ಕೇಳಿದಾಗಲೆಲ್ಲ ನಾನು "ಆಮೇಲೆ" ಎಂಬುದನ್ನು ಒತ್ತಿದ್ದೇನೆ. ನೆಟ್ ಪ್ಯಾಕು ತಿಂಗಳ ಮಧ್ಯಕ್ಕೇ ತೀರುತ್ತಿತ್ತು, ಪರೀಕ್ಷೆ ಹತ್ತಿರ ಇತ್ತು, ಊರೂರು ತಿರುಗಿ ಬಂದ ದಿನ ಪಟ್ಟಿ ತುಂಬಿಸುವುದೇ ಮುಖ್ಯ ಅನಿಸುತ್ತಿತ್ತು. ಹೀಗಾಗಿ ಈಗಾಗಲೇ ಬಹಳ ಹರಕುಗಳು ಬಾಕಿ ಇವೆ. ಮೊದಲ ಸಲ ಎರಡು ತಾಸು ಹಿಡಿಯಬಹುದು. ನಡುವೆ ತಾನೇ ಆರಿ ತಾನೇ ಹತ್ತಿಕೊಳ್ಳುತ್ತದೆ, ಹೆದರಬೇಡಿ. ಅದು ಮುಗಿಯುವವರೆಗೆ ಇಂಟರ್‌ನೆಟ್ಟಿನಲ್ಲಿ ಬೇರೇನನ್ನೂ ತೆರೆಯಬಾರದು. ಇದು ನೆನಪಿರಲಿ.

ಭಾಲಚಂದ್ರ ಅಣ್ಣನಿಗೂ ಫೋನು ಮಾಡಿ ಹೇಳಿದ್ದೇನೆ.

ನಿಮ್ಮ,
ಅಲಕಾ

*

ಭಾಲ್ಕಿ,
22 ಫೆಬ್ರುವರಿ 2016

ಚಿ. ಅಲಕಾಳಿಗೆ ಆಶೀರ್ವಾದ.

ನೀನು ಇಟ್ಟದ್ದು ಇಟ್ಟಂತೆಯೇ ಇದೆ. ನನ್ನ ಕೈಯಾಗಲಿ, ಬೇರೆಯವರ ಕೈಯಾಗಲಿ ಅದಕ್ಕೆ ತಾಗಿಲ್ಲ. ಭಾಲಚಂದ್ರ ಎರಡು ಐತವಾರ ಡಾಂಗಲ್ ಹಿಡಿದುಕೊಂಡು ಬಂದ. ಬಾಗಿಲಲ್ಲಿಯೇ ಚಹಾ ಕೊಟ್ಟು ಕಳಿಸಿದೆ.

ನೀನು ಬರೆದದ್ದು ತಿಳಿಯಲಿಲ್ಲ ಎಂದುಕೊಳ್ಳಬೇಡ. ಬರೀ ಉಪಚಾರಕ್ಕೆ ಬರೆದೆ ಎಂದೂ ನಾನು ತಿಳಿದಿಲ್ಲ. ಆದರೆ ಇನ್ನೂರ ಹದಿನಾಲ್ಕು ಮನೆಯ ಹೆಣ್ಣುಮಕ್ಕಳ ಫೋಟೋ ಅದರಲ್ಲಿದೆ ಎಂದು ನೀನೇ ತಿಳಿಸಿದ್ದೀಯ. ಒಮ್ಮೆ ಗಂಟು ಬಿಚ್ಚಿದರೆ, ನಾಳೆ ಯಾರಾದರೂ ಕಾಶೀರಾಮ ನೋಡಿದ ಎಂದರೆ, ಇಲ್ಲ ಎನ್ನಲು ನನ್ನ ಹತ್ತಿರ ಏನು ಉಳಿಯುತ್ತದೆ? ಇನ್ನೊಂದು ಮಾತು. ಕಳೆದ ವಾರ ಮುಕಾದಮನ ಕಡೆಯವನೊಬ್ಬ ಮೋಟರ್ ಸೈಕಲ್ ಮೇಲೆ ಬಂದಿದ್ದ. "ಕಾಲೇಜ್ ಹುಡುಗಿ ಬರದಿದ್ದು ಇಲ್ಲೇ ಅದ ಅಂತಲ್ರಿ, ಸ್ವಲ್ಪ ನೋಡೋಣು" ಎಂದ. ಅಂಚೆಯವನ ಮನೆಯಲ್ಲಿ ಮಂದಿಯ ಕಾಗದ ತೋರಿಸುವುದಿಲ್ಲ ಎಂದೆ. ಅವನು ಮುದ್ರೆಯನ್ನು ಬಹಳ ಹೊತ್ತು ನೋಡಿ ಹೋದ. ಆ ದಿನವೇ ಇನ್ನೆರಡು ಗಂಟು ಹಾಕಿ ಅರಗು ಹೊಯ್ದೆ. ಈಗ ಆರು.

ಔರಾದಿನಲ್ಲಿದ್ದಾಗ ಒಬ್ಬ ಸಿಪಾಯಿಯ ತಾಯಿ ಮಗನಿಗೆ ಕಳಿಸಿದ ಪಾರ್ಸಲ್ಲು ತಿರುಗಿ ಬಂತು. ಕೊಡೋಣವೆಂದರೆ ತಾಯಿ ಗುಳೆ ಹೋಗಿದ್ದಳು. ಹನ್ನೊಂದು ತಿಂಗಳು ಇಟ್ಟುಕೊಂಡೆ. ನಾತ ಬಂದಿತು, ಇರುವೆ ಹತ್ತಿದವು, ಸಾಹೇಬರು ಬಿಸಾಕು ಎಂದರು. ಬಿಚ್ಚಲಿಲ್ಲ. ಅವಳು ಬಂದು ಒಡೆದಾಗ ಒಳಗಿನ ಉಂಡಿ ಬೂದಿಯಾಗಿತ್ತು. ಆದರೆ ಮುದ್ರೆ ಮುದ್ರೆಯಂತೆಯೇ ಇತ್ತು. ಆ ತಾಯಿ ನನ್ನ ಕಾಲು ಮುಟ್ಟಿದಳು.

ಅಪ್ಪನ ಆಪರೇಷನ್ನಿನ ದಿನ ತಿಳಿಸು.

ಇಂತು,
ಕಾಶೀರಾಮ

*

ಪಟಾಂಚೇರು,
3 ಮಾರ್ಚ್ 2016

ಕಾಕಾ,

ನಿಮ್ಮ ಉಂಡಿಯ ಕಥೆಯನ್ನು ಮೂರು ಸಲ ಓದಿದೆ. ಆ ತಾಯಿ ಕಾಲು ಮುಟ್ಟಿದಳು, ಸರಿ. ಉಂಡಿ ಯಾರು ತಿಂದರು?

ಮುದ್ರೆ ಮನುಷ್ಯರ ಕೈಯನ್ನು ತಡೆಯುತ್ತದೆ. ನಾನು ಹೇಳುತ್ತಿರುವ ಕಳ್ಳನಿಗೆ ಕೈಯಿಲ್ಲ. ಗಂಟು ಕಟ್ಟಿದಷ್ಟು ದಿನ ಅವನೂ ಹೊರಗೇ ಇರುತ್ತಾನೆ, ಒಪ್ಪುತ್ತೇನೆ. ಆದರೆ ಒಂದಲ್ಲ ಒಂದು ದಿನ ಬಿಚ್ಚಲೇಬೇಕಲ್ಲ. ಆ ದಿನ ಎಲ್ಲರೂ ಅವಸರದಲ್ಲಿರುತ್ತೇವೆ. ತೇಪೆ ಹಾಕುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಅದಕ್ಕೇ ಅವಸರ ಇಲ್ಲದ ದಿನ ಮಾಡಿರಿ ಎಂದು ಬೇಡಿಕೊಂಡೆ. ಅದನ್ನು ನಿಮ್ಮಲ್ಲಿ ಇಟ್ಟದ್ದು ನೀವು ಮುಟ್ಟುವುದಿಲ್ಲ ಎಂದಲ್ಲ. ನಾನು ಹೇಳಿದಂತೆ ಮುಟ್ಟುತ್ತೀರಿ ಎಂದು.

ನಿಮ್ಮ ಮರ್ಯಾದೆ ದೊಡ್ಡದು. ಅದಕ್ಕಿಂತ ಆ ಪಟ್ಟಿ ದೊಡ್ಡದು.

ಅಪ್ಪ ಪಕ್ಕದಲ್ಲಿ ಕೂತು, ಹಿರಿಯರಿಗೆ ಹೀಗೆ ಬರೆಯಬಾರದು ಎನ್ನುತ್ತಿದ್ದಾರೆ. ಬರೆದಾಯಿತು.

ಅಲಕಾ

*

ಭಾಲ್ಕಿ,
17 ಮಾರ್ಚ್ 2016

ಅಲಕಾ, ಕೇಶರಬಾಯಿ ಕಾಕೂ ಹೇಳಿದ್ದನ್ನು ಭಾಲಚಂದ್ರನಾದ ನಾನು ಹೇಳಿದ ಹಾಗೆಯೇ ಬರೆದಿದ್ದೇನೆ.

ನಿನ್ನ ಕಾಗದ ಬಂದಾಗಿಂದ ಅವ್ರು ಸರಿಯಾಗಿ ಉಂಡಿಲ್ಲವ್ವ. ನನಗ ಓದಿ ಹೇಳ್ಲಿಲ್ಲ. ಕಿಸೇದಾಗ ಇಟ್ಕೊಂಡಾರ. ಭಾಲಚಂದ್ರ ಇವತ್ತ ಕದ್ದು ಓದಿ ಹೇಳ್ದ. ನೀ ಬರದಿದ್ದ ಖರೇ ಅದ. ಆದ್ರ ಖರೇ ಮಾತ ಇಷ್ಟ ಚೂಪ ಇರಬೇಕೇನವ್ವ? ಅವ್ರು ಪೆನ್ಶನ್ನಿಗೆ ಹೋದ ದಿನ ನಾ ಬಿಚ್ಚಿ ಮಾಡಿಸ್ಲೇನು ಅಂತ ಕೌದಿ ಮುಂದ ಕುಂತೆ. ಸುತಳಿ ಕಟ್ಟೋದು ನನಗ ಬರ್ತದ, ಆ ಮುದ್ರಿ ಒತ್ತೋದು ಬರಂಗಿಲ್ಲ. ಎದ್ದ ಬಂದೆ. ಮೆತ್ತಗ ಒಂದ ಕಾಗದ ಬರಿ. ಬಿಚ್ತಾರ.

ಕೇಶರಬಾಯಿ

*

ಭಾಲ್ಕಿ,
2 ಏಪ್ರಿಲ್ 2016

ಕು. ಅಲಕಾ ಅವರಿಗೆ,

ನಿಮ್ಮ ಮಾರ್ಚ್ 3ನೆಯ ತಾರೀಖಿನ ಪತ್ರ ತಲುಪಿದೆ. ಅಮಾನತು ನನ್ನ ಬಳಿ ಸುರಕ್ಷಿತವಾಗಿದೆ. ಬಂದಾಗ ಗಂಟುಗಳನ್ನು ಎಣಿಸಿಕೊಳ್ಳತಕ್ಕದ್ದು.

ಕಾಶೀರಾಮ
ನಿವೃತ್ತ ಉಪ ಅಂಚೆಪಾಲಕ

*

ಭಾಲ್ಕಿ,
18 ಏಪ್ರಿಲ್ 2016

ಅಲಕಾ,

ಇದನ್ನು ಭಾಲಚಂದ್ರ ನಿನಗೆ ಫೋನಿನಲ್ಲಿ ಹೇಳಿರುತ್ತಾನೆ. ಆದರೆ ನಾನು ಮಾಡಿದ್ದನ್ನು ನಾನೇ ಬರೆಯಬೇಕು.

ನಿನ್ನೆ ಐತವಾರ. ಮುಂಜಾನೆಯ ಮೊದಲ ಬಸ್ಸಿಗೆ ಕೌಸಲ್ಯಾಬಾಯಿ ಬಂದಳು. ಹಿಂದಿನ ದಿನ ಸಂಜೆ ಅವಳಿಗೆ ಯಾವುದೋ ನಂಬರಿನಿಂದ ಫೋನು ಬಂದಿತ್ತಂತೆ. ಸುಂದರಬಾಯಿಯ ದನಿ. ನರಸಿಂಗನಿಗೆ ನಾಲ್ಕು ದಿನದಿಂದ ಜ್ವರ, ಆಗಾಗ ಎಚ್ಚರ ತಪ್ಪುತ್ತಾನೆ, ಭಟ್ಟಿಯವರು ಕೆಲಸ ಮುಗಿಯುವವರೆಗೆ ಹೊರಗೆ ಬಿಡುವುದಿಲ್ಲ, ಬಂದು ಕರೆದುಕೊಂಡು ಹೋಗು ಎಂದಳಂತೆ. ಅಷ್ಟಕ್ಕೆ ಕಡಿದುಹೋಯಿತು. ತಿರುಗಿ ಹಚ್ಚಿದರೆ ಬಂದ್. ಮುಕಾದಮ ಊರಲ್ಲಿಲ್ಲ. ಪೊಲೀಸ್ ಠಾಣೆಯಲ್ಲಿ ಊರು ಹೇಳು, ಮಂದಿಯನ್ನು ಕಳಿಸುತ್ತೇವೆ ಎಂದರಂತೆ. ಊರು ಅವಳಿಗೆ ಗೊತ್ತಿಲ್ಲ. ಮಗಳು ಹೋಗುವಾಗ "ಅಲಕಾ ಅಕ್ಕ ಬರಕೊಂಡಾಳ, ನೀ ಯಾಕ ನೆನಪಿಡ್ತಿ" ಎಂದಿದ್ದಳಂತೆ.

ಕೌಸಲ್ಯಾಬಾಯಿ ಅಳಲಿಲ್ಲ. ಮಂಚದ ಮುಂದೆ ನೆಲದ ಮೇಲೆ ಕೂತು, "ತೆಗೀರಿ" ಎಂದಳು. ಒಂದೇ ಮಾತು.

ಮುದ್ರೆ ಒಡೆದೆ. ಭಾಲಚಂದ್ರ ಬಂದು ಎಲ್ಲ ಜೋಡಿಸಿದ. ನಿನಗೆ ಫೋನು ಹಚ್ಚಿದ, ಬಂದ್ ಇತ್ತು. ನಿನ್ನ ಅಪ್ಪನನ್ನು ನಿನ್ನೆಯೇ ಎರಡನೆಯ ಆಪರೇಷನ್ನಿಗೆ ಒಳಗೆ ಒಯ್ದಿದ್ದರು ಎಂದು ಆಮೇಲೆ ತಿಳಿಯಿತು. ಡಾಂಗಲ್ ಹಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಏನೋ ಬಂತು. ಏನು ಕೇಳುತ್ತಿದೆ ಎಂದೆ. "ಅಪ್ಡೇಟ್ ಕೇಳಲತ್ತದರಿ ಕಾಕಾ. ಭಾಳ ಅವ. ಎರಡ ತಾಸರೆ ತಗೋತದ" ಎಂದು ನನ್ನ ಕಿವಿಯಲ್ಲಿ ಹೇಳಿದ. ಕೌಸಲ್ಯಾಬಾಯಿಯ ಮುಖ ನೋಡಿದೆ. "ಆಮೇಲೆ ಅನ್ನು" ಎಂದೆ. ನಾನೇ ಅಂದೆ.

ಫೋಟೋ ಸಿಕ್ಕಿತು. ಸುಂದರಬಾಯಿ, ನರಸಿಂಗ, ಕಂಕುಳಲ್ಲಿ ಕೂಸು. ಕೌಸಲ್ಯಾಬಾಯಿ ಪರದೆಗೆ ಕೈ ಹಚ್ಚಿದಳು. ಮುಂದೆ ಪಟ್ಟಿ ತೆರೆಯಿತು. ಭಾಲಚಂದ್ರ, "ಸಿಕ್ತು, ಓದ್ಲೇನ್ರಿ?" ಎಂದ.

ಅಲಕಾ, ಇಲ್ಲಿ ನಾನು ಬರೆಯುವುದನ್ನು ನಿಧಾನವಾಗಿ ಓದು. ಅವನು ಓದಿಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಬೇಡ ಎಂದೆ. ಆ ಹಾಳೆಯ ಮೇಲೆ ಇನ್ನೂರ ಹದಿನಾಲ್ಕು ಮನೆಗಳಿದ್ದವು. ಬೇರೆ ಮನೆಯವರ ಗುಟ್ಟನ್ನು ನಾವು ನೋಡಬಾರದು, ಅವಳ ಸಾಲು ಒಂದನ್ನೇ ಕಾಗದದ ಮೇಲೆ ತೆಗೆದು ಮಡಚಿ ಅವಳ ಕೈಗೆ ಕೊಡು ಎಂದೆ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಅವನೂ ನನ್ನ ಮಾತಿಗೆ ಕಣ್ಣು ತಗ್ಗಿಸಿದ. ಅಂಗಡಿಗೆ ಹೋಗಿ ಪ್ರಿಂಟರ್ ಹೊತ್ತು ತಂದ. ಅದು ಈ ಕಂಪ್ಯೂಟರಿಗೆ ಹೊಂದಲಿಲ್ಲ. ಹೊಂದಿಸುವ ಸಾಮಾನನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಒಂದು ಪುಟ ತೆರೆದ, ಇನ್ನೊಂದು ತೆರೆದ. ಅಷ್ಟೊತ್ತೂ ಕೌಸಲ್ಯಾಬಾಯಿ ಫೋಟೋ ತೋರಿಸು ಎನ್ನುತ್ತಿದ್ದಳು. ತೋರಿಸಿದ. ಅವಳು ನೋಡುತ್ತಿದ್ದಂತೆಯೇ ಹಾಳೆಗಳ ಹೆಸರುಗಳು ಒಂದರ ಹಿಂದೆ ಒಂದು ಬದಲಾದವು. ಕೊನೆಗೆ ಕೆಂಪು ಪರದೆ ಬಂತು. ಇಂಗ್ಲಿಷಿನಲ್ಲಿ ಬರೆದಿತ್ತು. ನಿಮ್ಮದಕ್ಕೆಲ್ಲ ಬೀಗ ಹಾಕಿದ್ದೇವೆ, ಕೀಲಿ ಬೇಕಾದರೆ ರೊಕ್ಕ ಕೊಡಿ ಎಂದು. ಹಿಂಬದಿಗೆ ಚುಚ್ಚಿದ್ದ ನಿನ್ನ ನಕಲೂ ಹಾಗೆಯೇ ಆಗಿದೆ.

ಯಾವ ಊರೆಂದು ಭಾಲಚಂದ್ರನನ್ನು ಕೇಳಿದೆ. "ನೀವ ಓದಬ್ಯಾಡ ಅಂದ್ರಿ, ನಾ ನೋಡ್ಲಿಲ್ರಿ" ಎಂದ. ನನಗೆ ಸರಿಯಾಗಿ ಕೇಳಿಸಿತು.

ಕೌಸಲ್ಯಾಬಾಯಿ ಇನ್ನೂ ಇಲ್ಲಿಯೇ ಕೂತಿದ್ದಾಳೆ. ನಿನಗೆ ಯಾವ ಊರೆಂದು ನೆನಪಿದ್ದರೆ ಭಾಲಚಂದ್ರನಿಗೆ ಹೇಳು.

ಕಾಶೀರಾಮ

*

ಪಟಾಂಚೇರು,
20 ಏಪ್ರಿಲ್ 2016

ಕಾಕಾ,

ಭಾಲಚಂದ್ರ ಅಣ್ಣ ಎಲ್ಲ ಹೇಳಿದ. ನಿಮ್ಮ ಪತ್ರ ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ನಾಡಿದ್ದು ನಾನೇ ಬರುತ್ತೇನೆ. ಈ ಕಾಗದ ನನ್ನ ಹಿಂದೆ ಬಂದೀತು. ಆದರೂ ಬಾಯಿಂದ ಹೇಳಲಾಗದ್ದನ್ನು ಬರೆಯಬೇಕು.

ನನಗೆ ನೆನಪಿಲ್ಲ. ಎರಡು ದಿನದಿಂದ ಕಣ್ಣು ಮುಚ್ಚಿ ಕೂತು ನೆನೆಸಿದೆ. ಸುಂದರಬಾಯಿಯ ಹಸಿರು ಬಳೆ ನೆನಪಿದೆ. ಕೂಸು ಕಣ್ಣು ಮುಚ್ಚಿತೆಂದು ಇನ್ನೊಮ್ಮೆ ಫೋಟೋ ತೆಗೆಸಿಕೊಂಡದ್ದು ನೆನಪಿದೆ. "ಅಕ್ಕಾ, ಇವನ ಹೆಸರೂ ಬರೀರಿ, ಸಣ್ಣಾವ ಅಂತ ಬಿಡಬ್ಯಾಡ್ರಿ" ಎಂದದ್ದು ನೆನಪಿದೆ. ಊರು ಹೈದರಾಬಾದ ಕಡೆಯದು ಎಂಬುದಷ್ಟೇ ಗೊತ್ತು. ಆ ಕಡೆ ಹೋದವರು ತೊಂಬತ್ತಕ್ಕೂ ಹೆಚ್ಚು ಮನೆ. ಬರೆದಿಟ್ಟಿದ್ದೇನೆ ಎಂಬ ಧೈರ್ಯಕ್ಕೆ ಯಾವುದನ್ನೂ ತಲೆಯಲ್ಲಿ ಇಟ್ಟುಕೊಳ್ಳಲಿಲ್ಲ.

ಪೆನ್ ಡ್ರೈವನ್ನು ಚುಚ್ಚಿಟ್ಟವಳು ನಾನು. "ಆಮೇಲೆ" ಎಂದು ಮೊದಲು ಒತ್ತಿದವಳೂ ನಾನೇ, ಚಿದ್ರಿಯಲ್ಲಿ, ಎರಡು ತಿಂಗಳು. ನಿಮಗೆ ಸಿಟ್ಟಿನ ಕಾಗದ ಬರೆದ ದಿನ ಬಸ್ಸು ಹತ್ತಿದ್ದರೆ ಸಂಜೆಗೆ ಭಾಲ್ಕಿಯಲ್ಲಿ ಇರುತ್ತಿದ್ದೆ. ಒಂದು ದಿನ ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಮಂಚದವರು ಒಪ್ಪಿದ್ದರು. ಬೇಕೆಂದೇ ಬರಲಿಲ್ಲ. ನೀವು ಸೋತು ಬರೆಯಬೇಕು ಎಂದು ಕಾದೆ.

ಅಲಕಾ

*

ಭಾಲ್ಕಿ,
24 ಮೇ 2016

ಚಿ. ಅಲಕಾಳಿಗೆ,

ನೀನು ಮತ್ತು ಭಾಲಚಂದ್ರ ಮೂರು ವಾರ ಬಿಸಿಲಲ್ಲಿ ತಿರುಗಿ ನೋಡಿದ ಮೂವತ್ತು ಭಟ್ಟಿಗಳಲ್ಲಿ ಅದು ಇರಲಿಲ್ಲ. ಈಗ ಯಾವುದೆಂದು ಗೊತ್ತಾಗಿದೆ. ನಿನಗೆ ತಿಳಿಸುವುದು ನನ್ನ ಪಾಲಿಗೆ ಬಂದಿದೆ.

ಸುಂದರಬಾಯಿ ಮೊನ್ನೆ ಊರಿಗೆ ಬಂದಳು. ಜೊತೆಗೆ ಕೂಸು ಇತ್ತು. ನರಸಿಂಗ ಇರಲಿಲ್ಲ. ಏಪ್ರಿಲ್ ಇಪ್ಪತ್ತೈದಕ್ಕೆ ತೀರಿಕೊಂಡನಂತೆ. ಕೌಸಲ್ಯಾಬಾಯಿ ನಮ್ಮ ಮನೆಗೆ ಬಂದ ದಿನದಿಂದ ಎಂಟು ದಿನಕ್ಕೆ. ಅಲ್ಲಿಯೇ ಸುಟ್ಟರಂತೆ. ತಿಂಗಳು ತುಂಬುತ್ತ ಬಂದಾಗ ಇವಳನ್ನು ಬಸ್ಸು ಹತ್ತಿಸಿ ಕಳಿಸಿದ್ದಾರೆ.

ಭಟ್ಟಿ ಇರುವುದು ಜಹೀರಾಬಾದ ದಾಟಿ, ಹೆದ್ದಾರಿಯಿಂದ ಎಡಕ್ಕೆ. ಭಾಲ್ಕಿಯಿಂದ ಮೂರೂವರೆ ತಾಸು. ಆ ಐತವಾರ ಹೊರಟಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲಿ ಇರುತ್ತಿದ್ದೆವು. ನೀನು ಪಟಾಂಚೇರುವಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಅದರ ಹೊಗೆ ಕಂಡಿರಬೇಕು.

ನಿನ್ನೆ ಅವಳು ನಮ್ಮ ಮನೆಗೆ ಬಂದಳು. ಬೈಯಲಿಕ್ಕೆ ಬಂದಳು ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಮಂಚದ ಮೇಲೆ ಕೌದಿ, ಕಡಿದ ಸುತಳಿ ಹಾಗೆಯೇ ಬಿದ್ದಿದ್ದವು. ಕೂಸನ್ನು ಅದರ ಮೇಲೆ ಮಲಗಿಸಿ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಎಂಟೂ ದಿವಸ ಅವಗ ಅದೇ ಹೇಳಿದೆರಿ ಕಾಕಾ. ನಮ್ಮ ಹೆಸರು ಕಂಪ್ಯೂಟರ್‌ನ್ಯಾಗ ಅದ, ಬರ್ತಾರ, ಇವತ್ತ ಬರ್ತಾರ ಅಂತ. ಅವ ನಂಬ್ಯಾನರಿ."

ಮೂವತ್ತೆಂಟು ವರ್ಷ ಯಾರ ಕಾಗದವನ್ನೂ ತಡ ಮಾಡಲಿಲ್ಲ ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ಕಾಶೀರಾಮ

*

ಚಿದ್ರಿ, ಬೀದರ,
27 ಜೂನ್ 2016

ಕಾಕಾ ಅವರಿಗೆ ಜೈ ಭೀಮ.

ಒಂದು ತಿಂಗಳು ನಿಮಗೆ ಬರೆಯಲಾಗಲಿಲ್ಲ. ಸುಂದರಬಾಯಿಯ ಮಾತು ಓದಿದ ಮೇಲೆ ಪೆನ್ನು ಹಿಡಿಯಲು ಆಗಿರಲಿಲ್ಲ.

ಅಪ್ಪ ಕೋಲು ಹಿಡಿದು ನಡೆಯುತ್ತಾರೆ. ಕಾಲೇಜಿನವರು ಇನ್ನೊಂದು ವರ್ಷ ಕೊಟ್ಟಿದ್ದಾರೆ. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ, ಮೊದಲಿನಿಂದ ಕಟ್ಟಿದ್ದೇನೆ. ಮೊದಲು ಎಲ್ಲ ತೇಪೆ ಹಾಕಿದೆ, ಆಮೇಲೆ ಮೊದಲನೆಯ ಹೆಸರು ಬರೆದೆ. ಮರಳಿ ಬಂದವರನ್ನು ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ. ಕೆಲವರು ಬಾಗಿಲು ತೆರೆಯುವುದಿಲ್ಲ. ಬರೆದು ಏನಾಯಿತು ಎನ್ನುತ್ತಾರೆ. ಪಟ್ಟಿ ಈಗ ಮೂರು ಕಡೆ ಇರುತ್ತದೆ. ಒಂದು ಕಾಲೇಜಿನ ಕಪಾಟಿನಲ್ಲಿ, ಒಂದು ಕೌಸಲ್ಯಾಬಾಯಿಯ ಮನೆಯಲ್ಲಿ, ಕಾಗದದ ಮೇಲೆ.

ಮೂರನೆಯದು, ಕಂಪ್ಯೂಟರು, ನಿಮ್ಮಲ್ಲಿ. ಶನಿವಾರ ಭಾಲಚಂದ್ರ ಅಣ್ಣ ತರುತ್ತಾನೆ. ಬೇಡ ಎನ್ನಬೇಡಿ. ಮುಕಾದಮನ ಕಡೆಯವನನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕಳಿಸಿದವರು ನನಗೆ ಗೊತ್ತಿದ್ದಂತೆ ನೀವೊಬ್ಬರೇ. ಗಂಟು ಬೇಡ. ಐತವಾರ ಹಚ್ಚಿರಿ.

ನಿಮ್ಮ,
ಅಲಕಾ

*

ಭಾಲ್ಕಿ,
3 ಜುಲೈ 2016, ಐತವಾರ

ಮುಂಜಾನೆ ಹತ್ತಕ್ಕೆ ಹಚ್ಚಿದೆ. ಕೇಳಿತು. ಹೂಂ ಎಂದೆ. ಒಂದು ತಾಸು ನಲವತ್ತು ನಿಮಿಷ. ಮುಗಿಯುವವರೆಗೆ ಎದುರಿಗೆ ಕೂತಿದ್ದೆ.

ಕಾಶೀರಾಮ

*

ಭಾಲ್ಕಿ,
10 ಜುಲೈ 2016, ಐತವಾರ

ಹಚ್ಚಿದೆ. ಕೇಳಿತು. ಹೂಂ ಎಂದೆ. ಇಪ್ಪತ್ತು ನಿಮಿಷ.

ಕಾಶೀರಾಮ

*

ಭಾಲ್ಕಿ,
17 ಜುಲೈ 2016, ಐತವಾರ

ಮುಂಜಾನೆ ಕರೆಂಟು ಇರಲಿಲ್ಲ. ನಾಲ್ಕರವರೆಗೆ ಕಾದು ಹಚ್ಚಿದೆ. ಸುಂದರಬಾಯಿ ಬಂದಿದ್ದಳು. ಕೂಸು ಹೋಗಿ ಕಂಪ್ಯೂಟರ್ ಮುಟ್ಟಿತು. ಬೇಡ ಎನ್ನಲಿಲ್ಲ.

ಕಾಶೀರಾಮ

*

ಇಂಥ ಕಾರ್ಡುಗಳು ಚೀಲದಲ್ಲಿ ತೊಂಬತ್ತನಾಲ್ಕು ಇವೆ. ಕೊನೆಯದರ ತಾರೀಖು 2018ರ ಏಪ್ರಿಲ್ ಹದಿನೈದು. ಅದರ ಮರುದಿನ ಕಾಶೀರಾಮ ತೀರಿಕೊಂಡರು. ಆಮೇಲಿನ ಐತವಾರಗಳಿಗೆ ಕಾರ್ಡಿಲ್ಲ, ಏಕೆಂದರೆ ಕೇಶರಬಾಯಿಗೆ ಬರೆಯಲು ಬರುವುದಿಲ್ಲ. ಕಂಪ್ಯೂಟರಿಗೆ ಹೂಂ ಎನ್ನುವುದು ಎಲ್ಲಿ ಎಂಬುದು ಮಾತ್ರ ಅವರಿಗೆ ಗೊತ್ತು. "ಬಲಗಡಿ ಇರೋದು ಒತ್ತಬೇಕು, ಎಡಗಡಿದು ನರಸಿಂಗನ್ನ ಕೊಂದದ್ದು" ಎಂದು ಅವರು ಕಾಗದಗಳನ್ನು ಚೀಲಕ್ಕೆ ತುಂಬಿ ಒಳಗೆ ಹೋದರು. ಕಟ್ಟೆಯ ಮೇಲಿದ್ದ ನಾವು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದೆವು.

ಮರುದಿನ ಮುಂಜಾನೆ ಟೆಂಪೋ ಬಂತು. ಗಂಟುಗಳನ್ನು ಏರಿಸಿಯಾಯಿತು. ಮುಕಾದಮ ಎಲ್ಲರಿಗೂ ಹತ್ತಿರಿ ಎಂದ. ಗುರಮ್ಮ ಎಂಬಾಕೆ, ಯಾವತ್ತೂ ಅವನೆದುರು ತಲೆಯೆತ್ತದವಳು, ಯಾವ ಊರು ಎಂದು ಕೇಳಿದಳು. ಹೋದ ಮೇಲೆ ಗೊತ್ತಾಗುತ್ತದೆ ಎಂದು ಅವನು ನಕ್ಕ. ಅವಳು ಹತ್ತಲಿಲ್ಲ. ಅವಳ ಹಿಂದಿನವರೂ ಹತ್ತಲಿಲ್ಲ. ಹನ್ನೊಂದು ಮನೆಯವರು ಓಣಿಯಲ್ಲಿ ಹಾಗೆಯೇ ನಿಂತರು. ಅವನು ಬೈದ, ಬೇರೆ ಊರಿನ ಮಂದಿಯನ್ನು ತರುತ್ತೇನೆ ಎಂದ, ಟೆಂಪೋ ಶುರು ಮಾಡಿಸಿದ, ಮತ್ತೆ ಬಂದ್ ಮಾಡಿಸಿದ. ಬಿಸಿಲು ಕೇಶರಬಾಯಿಯ ಕಟ್ಟೆಯನ್ನು ಮುಟ್ಟಿದಾಗ ಊರಿನ ಹೆಸರು ಹೇಳಿದ. ಗುರಮ್ಮ ಅದನ್ನು ಗಟ್ಟಿಯಾಗಿ ಕೂಗಿದಳು. ಕೇಶರಬಾಯಿ ಹೊಸ್ತಿಲಲ್ಲಿ ನಿಂತು ಮೂರು ಸಲ ತಿರುಗಿ ಹೇಳಿದರು. ನಾನು ಬರೆದುಕೊಂಡೆ.

ಆಮೇಲೆ ಅವರು ಹತ್ತಿದರು. ಹೋಗದೆ ಇರುವಂತಿರಲಿಲ್ಲ. ಟೆಂಪೋ ತಿರುವಿನಲ್ಲಿ ಮರೆಯಾದ ಮೇಲೆ ಕೇಶರಬಾಯಿ ಒಳಗೆ ಹೋಗಿ, ಅಂದು ಐತವಾರ ಅಲ್ಲದಿದ್ದರೂ, ಕಂಪ್ಯೂಟರ್ ಹಚ್ಚಿದರು. ಅದು ಕೇಳಿತು. ಬಲಗಡೆ ಒತ್ತಿ, ಅದರ ಎದುರಿಗೆ ಕೂತರು. ಬರೆದುಕೊಂಡ ಹೆಸರನ್ನು ಹಿಡಿದು ನಾನೂ ಕೂತೆ. ಮುಗಿಯಲು ಐವತ್ತು ನಿಮಿಷ ಹಿಡಿಯಿತು.